ಖಾಲಿ ಟ್ಯಾಂಕ್ ಅಂತ ನಂಬಬೇಡಿ: ವೆಲ್ಡಿಂಗ್‌ಗೆ ಮುಂಚೆ ಮಾಡಬೇಕಾದ ಕೆಲಸ

ಮಂಡ್ಯ ಸುತ್ತಮುತ್ತ ಕಬ್ಬು ಅರೆಯುವುದು ನಿಂತ ಕೂಡಲೇ ರಿಪೇರಿ ಶುರುವಾಗುತ್ತದೆ. ಸ್ಪಿರಿಟ್ (ಎಥನಾಲ್) ಟ್ಯಾಂಕಿಗೆ ಹೊಸ ಪೈಪ್ ಕೂರಿಸಬೇಕು, ತುಕ್ಕು ತಿಂದ ತಗಡು ಬದಲಿಸಬೇಕು. ಪ್ರತಿ ಸಲ ಒಂದೇ ಮಾತು ಕೇಳುತ್ತೇನೆ: "ಟ್ಯಾಂಕ್ ಖಾಲಿ ಐತೆ ಸಾರ್, ಶುರು ಮಾಡನಾ?" ಖಾಲಿ ಆಗಿರುವುದು ಸ್ಪಿರಿಟ್ ಮಾತ್ರ, ಆವಿ ಒಳಗೇ ಇರುತ್ತದೆ. ಗಾಳಿಯಲ್ಲಿ ನೂರಕ್ಕೆ 3.3 ಪಾಲು ಎಥನಾಲ್ ಆವಿ ಸೇರಿದರೆ ಸಿಡಿಯಲು ಒಂದು ಕಿಡಿ ಸಾಕು. 200 ಲೀಟರ್ ಡ್ರಮ್ಮಿನ ಲೆಕ್ಕದಲ್ಲಿ ಅದು ಮೂರ್ನಾಲ್ಕು ಟೀ ಚಮಚ ಸ್ಪಿರಿಟ್, ಅಷ್ಟೆ.

ಹಂತ 1: ಬೆಂಕಿ ಬೇಕೇ ಬೇಕಾ, ಯೋಚಿಸಿ. ಬೋಲ್ಟ್ ಬಿಚ್ಚಿ ವರ್ಕ್‌ಶಾಪಿಗೆ ಒಯ್ಯಲು ಆದರೆ ಅದನ್ನೇ ಮಾಡಿ.

ಹಂತ 2: ಪೈಪುಗಳನ್ನು ಬೇರೆ ಮಾಡಿ. ವಾಲ್ವ್ ಮುಚ್ಚಿದರೆ ಸಾಲದು, ಎಷ್ಟು ಗಟ್ಟಿ ತಿರುಗಿಸಿದರೂ ವಾಲ್ವ್ ಸೋರಬಹುದು. ಫ್ಲೇಂಜ್ (ಪೈಪುಗಳನ್ನು ಬೋಲ್ಟ್ ಹಾಕಿ ಸೇರಿಸುವ ಜಾಗ) ಬಿಚ್ಚಿ ಬ್ಲೈಂಡ್ ಪ್ಲೇಟ್, ಅಂದರೆ ತೂತಿಲ್ಲದ ತಟ್ಟೆ ಹಾಕಿ. ಪಕ್ಕದ ಟ್ಯಾಂಕಿಗೆ ಸೇರುವ ಓವರ್‌ಫ್ಲೋ ಮತ್ತು ವೆಂಟ್ (ಗಾಳಿಯಾಡುವ) ಲೈನ್ ಮರೆಯುವವರೇ ಜಾಸ್ತಿ.

ಹಂತ 3: ತೊಳೆದು ಬ್ಲೋವರ್ ಹಾಕಿ. ಸಲ್ಫ್ಯೂರಿಕ್ ಆಸಿಡ್ ಟ್ಯಾಂಕ್ ಆದರೆ ಇನ್ನೊಂದು ಅಪಾಯವಿದೆ. ಆಸಿಡ್ ಉರಿಯಲ್ವಲ್ಲ ಅಂತ ಧೈರ್ಯ ಮಾಡಬೇಡಿ. ನೀರು ಬೆರೆತು ತೆಳುವಾದ ಆಸಿಡ್ ಕಬ್ಬಿಣವನ್ನು ತಿನ್ನುತ್ತದೆ, ಆಗ ಹೈಡ್ರೋಜನ್ ಹೊರಬರುತ್ತದೆ. ಅದು ಹಗುರ, ಮೇಲೆ ಮುಚ್ಚಳದ ಕೆಳಗೆ ಸೇರಿಕೊಳ್ಳುತ್ತದೆ. ನೂರಕ್ಕೆ 4 ಪಾಲು ಇದ್ದರೆ ಹೊತ್ತಿಕೊಳ್ಳುತ್ತದೆ.

ಹಂತ 4: ಗ್ಯಾಸ್ ಅಳೆಯಿರಿ. ಎಲ್ಲರೂ ಎಡವುವುದು ಇಲ್ಲೇ. ಮೂಗನ್ನು ನಂಬಬೇಡಿ. ದಿನವಿಡೀ ಸ್ಪಿರಿಟ್ ಪಕ್ಕದಲ್ಲಿರುವವರ ಮೂಗು ಆ ವಾಸನೆಗೆ ಒಗ್ಗಿಹೋಗಿರುತ್ತದೆ. ಮೀಟರನ್ನೂ ಸುಮ್ನೆ ನಂಬಬೇಡಿ. ಮೊದಲು ಟೆಸ್ಟ್ ಗ್ಯಾಸ್ (ಪ್ರಮಾಣ ಗೊತ್ತಿರುವ ಗ್ಯಾಸ್) ಕೊಟ್ಟು ಅದು ಸರಿಯಾಗಿ ಓದುತ್ತದಾ ನೋಡಿ. ಟೆಸ್ಟ್ ಗ್ಯಾಸ್ ಸಿಗದ ಅಗ್ಗದ ಮೀಟರ್ ಖಂಡಿತ ಕೊಳ್ಳಬೇಡಿ. ಮೊದಲು ಆಮ್ಲಜನಕ ಅಳೆಯಿರಿ, ನೂರಕ್ಕೆ 19.5ಕ್ಕಿಂತ ಕಡಿಮೆ ಇದ್ದರೆ ಒಳಗೆ ಇಳಿಯಬಾರದು. ನೈಟ್ರೋಜನ್ ತುಂಬಿದ ಟ್ಯಾಂಕಿನಲ್ಲಿ ನಾವು ಸಾಮಾನ್ಯವಾಗಿ ಬಳಸುವ ಮೀಟರ್, ಆವಿ ಇದ್ದರೂ ಸೊನ್ನೆ ತೋರಿಸಬಹುದು, ಅದಕ್ಕೆ ಆವಿ ಅಳೆಯಲು ಆಮ್ಲಜನಕ ಬೇಕು.

ಎಥನಾಲ್ ಆವಿ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ತಳದಲ್ಲಿ ಮಲಗಿರುತ್ತದೆ. ಅದಕ್ಕೇ ಮೇಲೆ, ನಡುವೆ, ತಳ, ಮೂರೂ ಕಡೆ ಅಳೆಯಬೇಕು. ಒಮ್ಮೆ ಮ್ಯಾನ್‌ಹೋಲ್ ಬಾಯಲ್ಲಿ ಮೀಟರ್ ಸೊನ್ನೆ ತೋರಿಸಿತ್ತು, ವೆಲ್ಡರ್ ಆಗಲೇ ಗ್ಲೌಸ್ ಹಾಕಿಕೊಂಡಿದ್ದ. ನಾನು ಟ್ಯೂಬನ್ನು ಒಳಗೆ ಇಳಿಬಿಟ್ಟೆ. ನೆಲಕ್ಕೆ ಒಂದು ಗೇಣು ಇರುವಾಗ ಬೀಪ್ ಶುರುವಾಯಿತು. ಸಿಡಿಯುವ ಮಟ್ಟವನ್ನು (ಆ 3.3 ಪಾಲನ್ನು) ನೂರು ಅಂತ ಹಿಡಿದರೆ 38. ಮತ್ತೆ ಬ್ಲೋವರ್ ಹಾಕಿ, ಸೊನ್ನೆಗೆ ಬಂದ ಮೇಲೆ ಒಳಗಿಳಿದು ಮೂಲೆಯ ತುಕ್ಕಿನ ಗಸಿಯನ್ನು ಹಿತ್ತಾಳೆ ಪಟ್ಟಿಯಿಂದ ಕೆರೆದೆವು. ಎರಡು ಸಲ ಕೆರೆಯುವಷ್ಟರಲ್ಲಿ ಮೀಟರ್ ಮತ್ತೆ ಏರಿತು. ತಕ್ಷಣ ಎಲ್ಲರೂ ಮೇಲೆ ಬಂದೆವು. ಒದ್ದೆ ಗಸಿ ಆವಿಯನ್ನು ಹಿಡಿದಿಟ್ಟುಕೊಂಡಿತ್ತು. ಗಸಿ ಹಾಗೇ ಬಿಟ್ಟು ವೆಲ್ಡಿಂಗ್ ಮಾಡಿದ್ದರೆ ತಗಡು ಕಾದು ಅಷ್ಟೂ ಆವಿ ಒಮ್ಮೆಗೇ ಹೊರಬರುತ್ತಿತ್ತು.

ಸಿಡಿಯುವ ಮಟ್ಟದ ನೂರಕ್ಕೆ 10ರ ಒಳಗಿದ್ದರೆ ಸಾಕು ಅನ್ನುವವರಿದ್ದಾರೆ. ನಾನು ಸೊನ್ನೆ ಬರದೆ ಬಿಡುವುದಿಲ್ಲ, ನೀವೂ ಬಿಡಬೇಡಿ. ಬೆಳಗ್ಗೆ ಅಳೆದದ್ದು ಊಟದ ನಂತರಕ್ಕೆ ಲೆಕ್ಕಕ್ಕಿಲ್ಲ. ಟೀ ಕುಡಿದು ಬಂದರೂ ಮತ್ತೆ ಅಳೆಯಿರಿ. ಕೆಲಸ ನಡೆಯುವಷ್ಟು ಹೊತ್ತೂ ಮೀಟರ್ ಪಕ್ಕದಲ್ಲೇ ಆನ್ ಇರಲಿ.

ಟ್ಯಾಂಕಿನ ಹೊರಗೆ ಏಣಿ ವೆಲ್ಡಿಂಗ್ ಮಾಡುವಾಗಲೂ ಇದೆಲ್ಲ ಬೇಕು. ಕಿಡಿ ಹಾರಿ ವೆಂಟ್ ಬಾಯಿಗೆ ಹೋಗಬಹುದು.

ಹಂತ 5: ಪರ್ಮಿಟ್, ಅಂದರೆ ವೆಲ್ಡಿಂಗ್‌ಗೆ ಸಹಿ ಹಾಕಿದ ಅನುಮತಿ. ಒಳಗಿನ ವಸ್ತು ಮತ್ತು ಆವಿ ತೆಗೆಯದೆ ಇಂಥ ಟ್ಯಾಂಕಿಗೆ ಬೆಂಕಿ ತಾಗಿಸುವಂತಿಲ್ಲ ಅಂತ, 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 37ನೇ ಕಲಂ ಹೇಳುತ್ತಿತ್ತು. ಸಹಿ ಹಾಕುವವರು ಆಫೀಸಿನಲ್ಲಿ ಕೂತು ಹಾಕಬಾರದು, ಟ್ಯಾಂಕ್ ಹತ್ತಿರ ಬಂದು ಮೀಟರ್ ನೋಡಿಯೇ ಹಾಕಬೇಕು.

ಹಂತ 6: ನೀರಿನ ಹೋಸ್ ಹಿಡಿದು ಒಬ್ಬರು ಕಾವಲಿರಲಿ. ಅವರಿಗೆ ಬೇರೆ ಕೆಲಸ ಹೇಳಬೇಡಿ. ವೆಲ್ಡಿಂಗ್ ಮುಗಿದ ಮೇಲೂ ಒಂದು ಗಂಟೆ ಅವರು ಅಲ್ಲೇ ಇರಬೇಕು.