ಮರೆಗುಳಿತನ: ಮನೆ ಡಾಕ್ಟರ ನೆರವಿನಿಂದ ಮನೆಯಲ್ಲೇ ಆರೈಕೆ ಹೇಗೆ?

ಮರೆಗುಳಿತನ, ಅಂದರೆ ಡಿಮೆನ್ಷಿಯಾ ಎಂದು ಗೊತ್ತಾದ ಮೇಲೆ ಕೆಲವು ಮನೆಯವರು 'ವಯಸ್ಸಾಯ್ತು, ಇನ್ನೇನು ಮಾಡೋಕಾಗುತ್ತೆ' ಎಂದು ಡಾಕ್ಟರ ಬಳಿ ಹೋಗುವುದನ್ನೇ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ಸಿಕ್ಕ ತಜ್ಞರಿಂದೆಲ್ಲ ಒಂದೊಂದು ಚೀಟಿ ತರುತ್ತಾರೆ. ಎರಡರಿಂದಲೂ ನರಳುವವರು ರೋಗಿಯೇ. ಕಾಯಿಲೆ ಯಾವುದೆಂದು ಖಚಿತಪಡಿಸಲು ತಜ್ಞರು ಬೇಕು, ನಿಜ. ಆದರೆ ವರ್ಷಗಟ್ಟಲೆ ನಡೆಯುವ ಆರೈಕೆಯ ಹೊಣೆ ಒಬ್ಬ ಮನೆ ಡಾಕ್ಟರ ಕೈಯಲ್ಲಿರಬೇಕು. ಬಿಪಿ, ಸಕ್ಕರೆ ಕಾಯಿಲೆ, ಮಂಡಿನೋವು ಎಲ್ಲವನ್ನೂ ಒಟ್ಟಿಗೆ ನೋಡುವವರು ಅವರೇ.

1. ಒಬ್ಬರನ್ನೇ ಹಿಡಿಯಿರಿ
ಮನೆಯಿಂದಲೂ ಒಬ್ಬರೇ ಜೊತೆಗೆ ಹೋಗಿ. ಪ್ರತಿ ಸಲ ಬೇರೆ ಬೇರೆಯವರು ಹೋದರೆ ಹೇಳಿದ ಕಥೆಯೂ ಬೇರೆ ಬೇರೆಯಾಗುತ್ತದೆ. ರೋಗಿಯ ಎದುರೇ 'ಇವರಿಗೆ ಏನೂ ನೆನಪಿರಲ್ಲ ಡಾಕ್ಟ್ರೇ' ಎನ್ನಬೇಡಿ, ಅವರಿಗೆ ಆ ಮಾತು ಅರ್ಥವಾಗುತ್ತದೆ. ಹೇಳಬೇಕಾದ್ದನ್ನು ಒಂದು ಹಾಳೆಯಲ್ಲಿ ಬರೆದು ಮೊದಲೇ ಒಳಗೆ ಕೊಟ್ಟುಬಿಡಿ.

2. ಸರಿಪಡಿಸಬಹುದಾದ ಕಾರಣ ಮೊದಲು ಹುಡುಕಿಸಿ
ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಮಂದವಾದ ಕಿವಿ-ಕಣ್ಣು ಇವೆಲ್ಲ ಮರೆವನ್ನು ಹೆಚ್ಚಿಸುತ್ತವೆ. ಕೆಲವು ವಾರಗಳ ಹಿಂದೆ ಬಿದ್ದು ತಲೆಗೆ ಪೆಟ್ಟಾಗಿದ್ದರೆ ಅದನ್ನೂ ಹೇಳಿ. ಮೆದುಳಿನ ಮೇಲ್ಮೈಯಲ್ಲಿ ನಿಧಾನಕ್ಕೆ ರಕ್ತ ಸೇರಿಕೊಂಡಿರಬಹುದು.

3. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲಕ್ಕೆ ಹಾಕಿ ಒಯ್ಯಿರಿ
ಚೀಟಿ ಸಾಲದು, ಮಾತ್ರೆಗಳೇ ಬೇಕು. ನೆಗಡಿ-ಅಲರ್ಜಿಗೆಂದು ನೀವೇ ತಂದ ಕ್ಲೋರ್‌ಫೆನಿರಮಿನ್, ನಿದ್ದೆಗೋ ನರದ ನೋವಿಗೋ ಕೊಟ್ಟ ಅಮಿಟ್ರಿಪ್ಟಿಲಿನ್ ಮುಂತಾದವು ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಮರೆಗುಳಿತನಕ್ಕೆಂದು ಕೊಡುವ ಡೊನೆಪೆಜಿಲ್ ಮಾತ್ರೆಯಿಂದ ಕೆಲವರಿಗೆ ಮೂತ್ರ ತಡೆಯಲಾಗದು. ಅದಕ್ಕೆಂದು ಇನ್ನೊಬ್ಬರು ಆಕ್ಸಿಬ್ಯುಟಿನಿನ್ ಬರೆಯುತ್ತಾರೆ. ಮೊದಲನೆಯದು ಕಟ್ಟಿದ್ದನ್ನು ಎರಡನೆಯದು ಕೆಡವುತ್ತದೆ. ಡೊನೆಪೆಜಿಲ್ ಕಾಯಿಲೆಯನ್ನು ನಿಲ್ಲಿಸುವುದಿಲ್ಲ, ಕೆಲವರಿಗೆ ಸ್ವಲ್ಪ ಕಾಲ ಚೇತರಿಕೆ ಕೊಡುತ್ತದೆ ಅಷ್ಟೆ. ವಾಕರಿಕೆ, ಭೇದಿ, ತಲೆಸುತ್ತು ಕಂಡರೆ ತಿಳಿಸಿ. ನಾಡಿಬಡಿತ ಇಳಿದಿದೆಯೇ ಎಂದೂ ನೋಡಿಸಬೇಕು. ಇನ್ನು 'ನೆನಪಿನ ಶಕ್ತಿ' ಟಾನಿಕ್ಕುಗಳಿಗೆ ಒಂದು ಪೈಸೆಯನ್ನೂ ಹಾಕಬೇಡಿ.

4. ಏಕಾಏಕಿ ಬದಲಾದರೆ
ಬಹಳ ಜನ ಎಡವುವುದು ಇಲ್ಲೇ. ನಿನ್ನೆ ಮೊನ್ನೆಯವರೆಗೆ ಶಾಂತವಾಗಿದ್ದವರು ಇದ್ದಕ್ಕಿದ್ದಂತೆ ರಾತ್ರಿಯಿಡೀ ಕೂಗಾಡುತ್ತಾರೆ, ಇಲ್ಲದವರನ್ನು ಮಾತಾಡಿಸುತ್ತಾರೆ ಅಥವಾ ಕರೆದರೂ ಕಣ್ಣು ಬಿಡದಷ್ಟು ಮಂಕಾಗುತ್ತಾರೆ. ಮನೆಯವರು 'ಕಾಯಿಲೆ ಜಾಸ್ತಿಯಾಯ್ತು' ಎಂದುಕೊಂಡು ನಿದ್ದೆ ಮಾತ್ರೆ ಕೇಳಲು ಓಡುತ್ತಾರೆ. ಮರೆಗುಳಿತನ ಹೆಚ್ಚುವುದು ಸಾಮಾನ್ಯವಾಗಿ ತಿಂಗಳುಗಳ ಲೆಕ್ಕದಲ್ಲಿ. ಗಂಟೆಗಳಲ್ಲೋ ಒಂದೆರಡು ದಿನಗಳಲ್ಲೋ ಬಂದ ಬದಲಾವಣೆಯ ಹಿಂದೆ ದೇಹದ ತೊಂದರೆ ಇದೆಯೆಂದೇ ಹಿಡಿದು ನಡೆಯಿರಿ. ಡಾಕ್ಟರು ಇದನ್ನು ಡೆಲಿರಿಯಂ ಎನ್ನುತ್ತಾರೆ. ಅಂದೇ ತೋರಿಸಬೇಕು.

ಹೊರಡುವ ಮುನ್ನ ಇಷ್ಟು ನೋಡಿಕೊಳ್ಳಿ. ಮಲವಿಸರ್ಜನೆ ಯಾವತ್ತು ಆಗಿತ್ತು? ಇಂದು ಎಷ್ಟು ಸಲ ಮೂತ್ರ ಹೋಯಿತು, ಹೊಟ್ಟೆಯ ಕೆಳಭಾಗ ಉಬ್ಬಿದೆಯೇ? ನೀರು ಎಷ್ಟು ಕುಡಿದರು? ಈ ವಾರ ಹೊಸ ಮಾತ್ರೆ ಶುರುವಾಯಿತೇ, ಹಳೆಯದು ನಿಂತಿತೇ? ಸಕ್ಕರೆ ಕಾಯಿಲೆಯಿದ್ದರೆ ಮೊದಲು ಸಕ್ಕರೆ ಪರೀಕ್ಷಿಸಿ, ಅದು ಇಳಿದಿರಬಹುದು. ಜ್ವರವಿಲ್ಲವೆಂದು ಸೋಂಕಿಲ್ಲ ಎಂದುಕೊಳ್ಳಬೇಡಿ. ವಯಸ್ಸಾದವರಲ್ಲಿ ಎಷ್ಟೋ ಸಲ ಮೈ ಬಿಸಿಯೇ ಆಗುವುದಿಲ್ಲ. ನೋವನ್ನು ಬಾಯಿಬಿಟ್ಟು ಹೇಳಲು ಅವರಿಗೆ ಆಗದಿರಬಹುದು. ಮಗ್ಗುಲು ತಿರುಗಿಸುವಾಗ, ಎಬ್ಬಿಸುವಾಗ ಅವರ ಮುಖವನ್ನೇ ಗಮನಿಸಿ.

ನಿಧಾನವಾಗಿ ಬಂದ ಸಿಟ್ಟು, ಹಟ, ಅಲೆದಾಟಕ್ಕೆ ಒಂದು ನೋಟ್‌ಬುಕ್ ಇಡಿ. ಹೊತ್ತು, ಅದಕ್ಕೆ ಮುಂಚೆ ಏನು ನಡೆದಿತ್ತು, ಅವರು ಏನು ಮಾಡಿದರು, ಯಾವುದರಿಂದ ಸುಮ್ಮನಾದರು, ಈ ನಾಲ್ಕನ್ನೇ ಬರೆಯಿರಿ. 'ಸಂಜೆ ತುಂಬಾ ಗಲಾಟೆ' ಎಂದು ಬರೆದರೆ ಡಾಕ್ಟರಿಗೆ ಏನೂ ತಿಳಿಯದು. 'ಸಂಜೆ 5ಕ್ಕೆ ಸ್ನಾನಕ್ಕೆ ಎಬ್ಬಿಸಿದಾಗ ಬಲ ಮಂಡಿ ಹಿಡಿದುಕೊಂಡು ಕೈ ಬೀಸಿದರು, ಕೂರಿಸಿದ ಮೇಲೆ ಸುಮ್ಮನಾದರು' ಎಂದಿದ್ದರೆ ಅವರು ನೇರ ಮಂಡಿ ಮುಟ್ಟಿ ನೋಡುತ್ತಾರೆ. ಅಲ್ಲಿ ಬೇಕಾದದ್ದು ನೋವಿನ ಮಾತ್ರೆ. ಮಂಪರಿನ ಮಾತ್ರೆ ಕೊಟ್ಟರೆ ನೋವು ಹಾಗೇ ಉಳಿದು, ಬೀಳುವ ಅಪಾಯವೂ ಸೇರಿಕೊಳ್ಳುತ್ತದೆ.

ಗಲಾಟೆ, ಭ್ರಮೆ ತಗ್ಗಿಸಲು ಕೊಡುವ ರಿಸ್ಪೆರಿಡೋನ್, ಹ್ಯಾಲೊಪೆರಿಡಾಲ್‌ನಂಥ ಔಷಧಗಳನ್ನು ನಾನು ಕೊನೆಯ ದಾರಿಯಾಗಿ ಮಾತ್ರ ಒಪ್ಪುತ್ತೇನೆ. ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಈ ಬಗೆಯ ಔಷಧಗಳು ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಕರು ರಿಸ್ಪೆರಿಡೋನ್‌ನಂಥವುಗಳ ಬಗ್ಗೆ 2005ರಲ್ಲೇ, ಹ್ಯಾಲೊಪೆರಿಡಾಲ್‌ನಂಥವುಗಳ ಬಗ್ಗೆ 2008ರಲ್ಲಿ ಎಚ್ಚರಿಸಿದ್ದಾರೆ. ಲೂಯಿ ಬಾಡಿ ಎಂಬ ಬಗೆಯ ಡಿಮೆನ್ಷಿಯಾ ಇದ್ದರಂತೂ ಮೈ ಸೆಟೆದುಕೊಂಡು ಪ್ರಾಣಕ್ಕೇ ಕುತ್ತು ಬರಬಹುದು. ರೋಗಿಗೋ ಇತರರಿಗೋ ಅಪಾಯವಿದ್ದು ಬರೆಯಲೇಬೇಕಾದರೆ, 'ಮತ್ತೆ ಯಾವಾಗ ನೋಡುತ್ತೀರಿ, ಯಾವಾಗ ನಿಲ್ಲಿಸುತ್ತೀರಿ' ಎಂದು ಅಲ್ಲೇ ಕೇಳಿ, ಆರು ವಾರದೊಳಗಿನ ತಾರೀಖನ್ನು ಚೀಟಿಯ ಮೇಲೇ ಬರೆಸಿಕೊಳ್ಳಿ. ಶುರು ಮಾಡಿದ್ದನ್ನು ನೀವೇ ತಟ್ಟನೆ ನಿಲ್ಲಿಸುವುದು ಮಾತ್ರ ಬೇಡ.

5. ಹಣ, ಸಹಿ, ಚಿಕಿತ್ಸೆಯ ಇಷ್ಟಾನಿಷ್ಟ
ರೋಗಿಗೆ ತಿಳಿವಳಿಕೆ ಇರುವಾಗಲೇ ಅವರನ್ನೇ ಕೇಳಿ ಬರೆದಿಡಿ.

6. ನೋಡಿಕೊಳ್ಳುವವರ ತಪಾಸಣೆ
ಅದೇ ಡಾಕ್ಟರ ಬಳಿ ನಿಮ್ಮ ಹೆಸರಿನಲ್ಲೂ ಒಂದು ಭೇಟಿ ಗೊತ್ತುಮಾಡಿಕೊಳ್ಳಿ. ರೋಗಿಯ ಭೇಟಿಯ ಕೊನೆಯಲ್ಲಿ 'ನಂಗೂ ಸ್ವಲ್ಪ ಬೆನ್ನುನೋವು' ಎಂದರೆ ಅದು ಯಾರ ಕಿವಿಗೂ ಬೀಳುವುದಿಲ್ಲ. ರಾತ್ರಿ ಎಷ್ಟು ಸಲ ಏಳುತ್ತೀರಿ, ಎಷ್ಟು ದಿನದಿಂದ ಸರಿಯಾಗಿ ನಿದ್ದೆಯಿಲ್ಲ, ಕೈ ಎತ್ತುವಷ್ಟು ಸಿಟ್ಟು ಬಂದಿದೆಯೇ ಎಲ್ಲವನ್ನೂ ಮುಚ್ಚಿಡದೆ ಹೇಳಿ. ಬಿಪಿ ನೋಡಿಸಿಕೊಳ್ಳಿ. ವಾರಕ್ಕೆ ಒಂದು ಪೂರ್ತಿ ಮಧ್ಯಾಹ್ನ ಯಾರು ಬಂದು ಕೂರುತ್ತಾರೆಂದು ಮನೆಯವರೆಲ್ಲ ಸೇರಿ ಹೆಸರು ಹಾಕಿ ಗೊತ್ತುಮಾಡಿ. 'ಬೇಕಾದಾಗ ಹೇಳು, ಬರ್ತೀನಿ' ಎಂದವರ ಹೆಸರನ್ನು ಆ ಪಟ್ಟಿಯಲ್ಲಿ ಮೊದಲು ಬರೆಯಿರಿ.