ಲೈನ್ ಮನೆಯಿಂದ ತರಗತಿಗೆ: ವಲಸೆ ಕುಟುಂಬದ ಹೆಣ್ಣುಮಕ್ಕಳನ್ನು ಶಾಲೆಗೆ ಸೇರಿಸಿ ಉಳಿಸಿಕೊಳ್ಳುವುದು ಹೇಗೆ?

ನವೆಂಬರ್ ಬಂತೆಂದರೆ ಮೂಡಿಗೆರೆ, ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳ ಲೈನ್ ಮನೆಗಳು (ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಮನೆಗಳು) ತುಂಬುತ್ತವೆ. ಅಸ್ಸಾಂ, ಜಾರ್ಖಂಡ್‌ನಿಂದಲೂ ನಮ್ಮದೇ ಉತ್ತರ ಕರ್ನಾಟಕದಿಂದಲೂ ಜನ ಸಂಸಾರ ಸಮೇತ ಬರುತ್ತಾರೆ. ಹಣ್ಣು ಕುಯ್ಯುವ ಕೂಲಿ ಹೆಚ್ಚಾಗಿ ಕೆ.ಜಿ. ಲೆಕ್ಕದ್ದು. ತಾಯಿಯ ಎರಡೂ ಕೈ ಬಿಡುವಾಗಿದ್ದಷ್ಟು ಸಂಪಾದನೆ. ಹಾಗಾಗಿ ಕೈಗೂಸು ಹತ್ತು ವರ್ಷದ ಅಕ್ಕನ ಸೊಂಟ ಏರುತ್ತದೆ, ಅಕ್ಕ ಲೈನಿನಲ್ಲೇ ಉಳಿಯುತ್ತಾಳೆ. ಶಿಕ್ಷಕರು, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಅಂಗನವಾಡಿ ಕಾರ್ಯಕರ್ತೆಯರು ಕೆಲಸ ಶುರು ಮಾಡಬೇಕಾದದ್ದು ದಾಖಲಾತಿ ಅರ್ಜಿಯಿಂದಲ್ಲ, ಈ ಕೂಸಿನಿಂದ.

ಮೊದಲು ಕೂಸಿಗೆ ಜಾಗ

ಮಗು ಮೂರರಿಂದ ಆರು ವರ್ಷದ್ದಾದರೆ ಹತ್ತಿರದ ಅಂಗನವಾಡಿಗೆ ಸೇರಿಸಿ. ಬೇರೆ ರಾಜ್ಯದವರೆಂದು ವಾಪಸ್ ಕಳಿಸುವಂತಿಲ್ಲ. ಊರಿನ ಅಂಗನವಾಡಿಯಲ್ಲಿ ಹೆಸರಿದ್ದರೆ ಅಂಗನವಾಡಿಗಳ ಆ್ಯಪ್ ‘ಪೋಷಣ್ ಟ್ರ್ಯಾಕರ್’ನಲ್ಲಿ ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ಮೂರು ವರ್ಷದೊಳಗಿನ ಮಗುವಿಗೆ ಗ್ರಾಮ ಪಂಚಾಯಿತಿಯಲ್ಲಿ ‘ಕೂಸಿನ ಮನೆ’ (ಶಿಶುಪಾಲನಾ ಕೇಂದ್ರ) ಇದೆಯೇ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳಿ. ಎಡವುವುದು ಸಮಯದಲ್ಲಿ: ಕುಯ್ಲಿನವರು ತೋಟಕ್ಕಿಳಿಯುವ ಹೊತ್ತಿಗೆ ಕೇಂದ್ರದ ಬಾಗಿಲು ತೆರೆದಿರುವುದಿಲ್ಲ. ಆ ನಡುವಿನ ಹೊತ್ತಿಗೆ ಲೈನಿನಲ್ಲೇ ಒಂದು ಕೋಣೆ ಬಿಟ್ಟುಕೊಟ್ಟು, ಒಬ್ಬ ಹಿರಿಯ ಹೆಂಗಸಿಗೆ ದಿನಗೂಲಿ ಕೊಟ್ಟು ಮಕ್ಕಳನ್ನು ನೋಡಿಕೊಳ್ಳಲು ಕೂರಿಸುವಂತೆ ತೋಟದ ಲೆಕ್ಕ ನೋಡುವ ರೈಟರ್ ಬಳಿ ಮಾತಾಡಿ. ಇಷ್ಟಾದರೆ ಅರ್ಧ ಕೆಲಸ ಮುಗಿದಂತೆ.

ದಾಖಲಾತಿ

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ವಯಸ್ಸಿನ ದಾಖಲೆ ಇಲ್ಲವೆಂದೋ, ಟಿಸಿ ಬಂದಿಲ್ಲವೆಂದೋ, ದಾಖಲಾತಿ ಅವಧಿ ಮುಗಿಯಿತೆಂದೋ ಪ್ರವೇಶ ನಿರಾಕರಿಸುವಂತಿಲ್ಲ. ಡಿಸೆಂಬರ್‌ನಲ್ಲಿ ಬಂದವಳನ್ನೂ ಸೇರಿಸಿಕೊಳ್ಳಲೇಬೇಕು. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಹನ್ನೊಂದು ವರ್ಷದವಳನ್ನು ‘ಕನ್ನಡ ಬರಲ್ಲ’ ಎಂದು ಒಂದನೇ ತರಗತಿಯಲ್ಲಿ ಕೂರಿಸಿದರೆ ನಾಚಿಕೆಯಿಂದಲೇ ಶಾಲೆ ಬಿಡುತ್ತಾಳೆ.

ತೊಡಕು ಬರುವುದು ಆನ್‌ಲೈನ್ ದಾಖಲೆಯಲ್ಲಿ. ಹೊರರಾಜ್ಯದ ಶಾಲೆಯಲ್ಲಿ ಓದಿದವಳಿಗೆ ಯುಡೈಸ್‌ನ (ದೇಶದ ಶಾಲೆಗಳ ಆನ್‌ಲೈನ್ ದಾಖಲೆ ವ್ಯವಸ್ಥೆ) 11 ಅಂಕಿಯ ಪೆನ್ ಸಂಖ್ಯೆ (ಶಾಶ್ವತ ವಿದ್ಯಾರ್ಥಿ ಗುರುತು ಸಂಖ್ಯೆ) ಇರುತ್ತದೆ. ಹಳೆಯ ಶಾಲೆ ಅವಳ ಹೆಸರನ್ನು ‘ಡ್ರಾಪ್ ಬಾಕ್ಸ್’ಗೆ (ಶಾಲೆ ಬಿಟ್ಟವರ ಪಟ್ಟಿ) ಹಾಕದಿದ್ದರೆ ಇಲ್ಲಿಗೆ ಎಳೆದುಕೊಳ್ಳಲು ಆಗದು. ಪಾಲಕರ ಫೋನಿನಿಂದಲೇ ಆ ಶಾಲೆಗೆ ಕರೆ ಮಾಡಿಸಿ. ಆಗದಿದ್ದರೆ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಲಿಖಿತವಾಗಿ ಕೊಡಿ. ನಮ್ಮ ರಾಜ್ಯದೊಳಗಿನ ಮಕ್ಕಳಾದರೆ ರಾಜ್ಯದ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ಹಳೆಯ ಶಾಲೆ ಬಿಡುಗಡೆ ಮಾಡಬೇಕು. ಇದು ಆಗುವವರೆಗೆ ಹುಡುಗಿ ತರಗತಿಯಲ್ಲಿ ಕೂತಿರಲಿ, ಬಿಸಿಯೂಟ ಉಣ್ಣಲಿ. ಹೆಸರಿನ ಕಾಗುಣಿತವನ್ನು ಆಧಾರ್ ನೋಡಿಯೇ ಬರೆಯಿರಿ. ಇಲ್ಲಿ ತಪ್ಪಿದ ಒಂದಕ್ಷರ ಎಸ್ಸೆಸ್ಸೆಲ್ಸಿ ನೋಂದಣಿಯ ಹೊತ್ತಿಗೆ ತಲೆನೋವಾಗುತ್ತದೆ.

ಮೊದಲ ಮೂರು ತಿಂಗಳು

ಕಲಿಕೆಯಲ್ಲಿ ಹಿಂದುಳಿದ ಮಗುವಿಗೆ ಕನಿಷ್ಠ ಮೂರು ತಿಂಗಳು, ಗರಿಷ್ಠ ಎರಡು ವರ್ಷ ವಿಶೇಷ ತರಬೇತಿ ಕೊಡಬೇಕೆಂದು ನಿಯಮವಿದೆ. ಮೊದಲ ವಾರ ಅಕ್ಷರಮಾಲೆ ಬೇಡ. ‘ನೀರು ಬೇಕು’, ‘ಹೊಟ್ಟೆನೋವು’, ‘ಅರ್ಥ ಆಗಲಿಲ್ಲ’, ‘ಹೊರಗೆ ಹೋಗಬೇಕು’ ಎಂಬಂಥ ಇಪ್ಪತ್ತು ಮಾತು ಬಾಯಿಗೆ ಬರಲಿ. ಗಣಿತವನ್ನು ಅವಳ ಭಾಷೆಯಲ್ಲೇ ಪರೀಕ್ಷಿಸಿ. ಎಷ್ಟೋ ಮಕ್ಕಳು ಲೆಕ್ಕದಲ್ಲಿ ಮುಂದಿರುತ್ತಾರೆ, ಭಾಷೆ ಬಾರದ್ದಕ್ಕೆ ದಡ್ಡರೆನಿಸಿಕೊಳ್ಳುತ್ತಾರೆ. ಕೇಂದ್ರ ಸರ್ಕಾರದ ದೀಕ್ಷಾ ಕಲಿಕಾ ಆ್ಯಪ್‌ನಲ್ಲಿ ಹಿಂದಿ, ಅಸ್ಸಾಮಿ ಪಠ್ಯಗಳೂ ಸಿಗುತ್ತವೆ.

ಆರೋಗ್ಯದ ಸಂಗತಿಗಳಿಗೆ ಶಿಕ್ಷಕಿಯೊಬ್ಬರೇ ಹೊಣೆ ಹೊರಲಿ. ಸ್ಯಾನಿಟರಿ ಪ್ಯಾಡ್ ಎಲ್ಲಿ ಸಿಗುತ್ತದೆ, ಶೌಚಾಲಯದ ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು ಸೇರಿದ ದಿನವೇ ತೋರಿಸಬೇಕು. ಹತ್ತು ವರ್ಷ ದಾಟಿದವರಿಗೆ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ, ಊಟವಾದ ಮೇಲೆಯೇ. ಖಾಲಿ ಹೊಟ್ಟೆಯಲ್ಲಿ ನುಂಗಿ ವಾಂತಿಯಾದರೆ ಮತ್ತೆ ಮುಟ್ಟುವುದಿಲ್ಲ.

ದಾರಿ

ಆನೆ ಓಡಾಡುವ ಸಕಲೇಶಪುರ, ಬೇಲೂರು, ಆಲೂರು ಭಾಗದಲ್ಲಿ ಒಬ್ಬಳೇ ನಡೆದು ಬರಲಿ ಎನ್ನುವುದು ಅನ್ಯಾಯ. ಲೈನಿನ ಮಕ್ಕಳೆಲ್ಲ ಒಟ್ಟಿಗೆ ಹೊರಡಲಿ, ಜತೆಗೊಬ್ಬ ದೊಡ್ಡವರಿರಲಿ. ಅರಣ್ಯ ಇಲಾಖೆಯ ಎಚ್ಚರಿಕೆ ಸಂದೇಶ ತೋಟದ ಮೇಸ್ತ್ರಿಗೂ ತಲುಪುವಂತೆ ಮಾಡಿ. ಶಕ್ತಿ ಯೋಜನೆಯಲ್ಲಿ ಮಹಿಳೆಯರ ಉಚಿತ ಬಸ್ ಪ್ರಯಾಣಕ್ಕೆ ಕರ್ನಾಟಕದ ವಿಳಾಸದ ಗುರುತಿನ ಚೀಟಿ ಬೇಕು, ಹೊರರಾಜ್ಯದ ಆಧಾರ್ ನಡೆಯದು. ಆದ್ದರಿಂದ ವಿದ್ಯಾರ್ಥಿ ಪಾಸ್‌ಗೆ ಬೇಗ ಅರ್ಜಿ ಹಾಕಿಸಿ.

ಗೈರಾದರೆ

ಎರಡನೇ ದಿನವೇ ಫೋನ್, ನಾಲ್ಕನೇ ದಿನ ಲೈನಿಗೆ ಭೇಟಿ. ಹದಿಮೂರು ದಾಟಿದ ಹುಡುಗಿ ಕುಯ್ಲಿನ ನಡುವೆ ಇದ್ದಕ್ಕಿದ್ದಂತೆ ‘ಊರಿಗೆ ಹೋಗ್ತೀನಿ’ ಎಂದರೆ ಮದುವೆಯ ಮಾತಿದೆಯೇ ಎಂದು ಮೆಲ್ಲಗೆ ವಿಚಾರಿಸಿ. ಅನುಮಾನ ಬಲವಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರಿಗೂ ತಿಳಿಸಿ. ಲೈನಿನವರೆಲ್ಲರ ಮುಂದೆ ತಂದೆಯನ್ನು ಗದರಿಸಬೇಡಿ. ಆ ರಾತ್ರಿಯೇ ಗಂಟು ಕಟ್ಟಿ ಹೊರಟುಬಿಡುತ್ತಾರೆ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ) ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಖ್ಯಶಿಕ್ಷಕರು ತಾವೇ ವಿಚಾರಣೆ ಮಾಡಿ ಮುಗಿಸುವಂತಿಲ್ಲ.

ಹೊರಡುವಾಗ

ಕುಯ್ಲು ಮುಗಿಯುತ್ತಿದ್ದಂತೆ, ವಾರ್ಷಿಕ ಪರೀಕ್ಷೆಗೆ ಮುಂಚೆಯೇ, ಕುಟುಂಬಗಳು ಹೊರಡುತ್ತವೆ. ಹೆಚ್ಚಿನ ಹೆಣ್ಣುಮಕ್ಕಳು ಕೈತಪ್ಪುವುದು ಆಗಲೇ. ಜನವರಿಯಲ್ಲೇ ಹೊರಡುವ ದಿನ ಕೇಳಿಟ್ಟುಕೊಳ್ಳಿ. ಕೇಳಿದ ಕೂಡಲೇ ಟಿಸಿ ಕೊಡಿ, ಆನ್‌ಲೈನಿನಲ್ಲೂ ಅದೇ ದಿನ ಬಿಡುಗಡೆ ಮಾಡಿ. ಏನು ಕಲಿತಿದ್ದಾಳೆಂದು ಅರ್ಧ ಪುಟ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರೆದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಡಿ. ತಂದೆಯ ನಂಬರಿನ ಜತೆ ಊರಿನ ಸಂಬಂಧಿಕರೊಬ್ಬರ ನಂಬರೂ ಬರೆದಿಟ್ಟುಕೊಳ್ಳಿ, ಏಕೆಂದರೆ ಸಿಮ್ ಬದಲಾಗುತ್ತಿರುತ್ತದೆ. ತಿಂಗಳೊಳಗೆ ಒಮ್ಮೆ ಕರೆ ಮಾಡಿ, ಅವಳು ಯಾವ ಶಾಲೆ ಸೇರಿದಳೆಂದು ಕೇಳಿ. ಸೇರಿಲ್ಲವೆಂದರೆ 1098ಕ್ಕೆ ಅವಳ ಊರು, ಹೆಸರು, ವಯಸ್ಸು ತಿಳಿಸಿ.