ಅಮೆರಿಕಕ್ಕೆ ಬರುವ ಮುನ್ನ ನಿಮ್ಮ ಹೆಸರನ್ನೊಮ್ಮೆ ಬಿಡಿಸಿ ನೋಡಿ

ಕನ್ನಡಿಗರ ಹೆಸರಿಗೆ ಒಂದೇ ಅಚ್ಚಿಲ್ಲ. ಹಳೇ ಮೈಸೂರಿನ ಕಡೆ ಊರು, ಅಪ್ಪ, ಆಮೇಲೆ ತಾನು: ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ, ಸಂತೇಶಿವರ ಲಿಂಗಣ್ಣಯ್ಯ ಭೈರಪ್ಪ. ಉತ್ತರ ಕರ್ನಾಟಕದಲ್ಲಿ ತಾನು, ಅಪ್ಪ, ಮನೆತನ: ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಕೊಡವರಲ್ಲಿ ಮನೆತನವೇ ಮೊದಲು: ಕೊಡಂದೇರ ಮಾದಪ್ಪ ಕಾರ್ಯಪ್ಪ. ಕರಾವಳಿಯ ಶೆಟ್ಟಿ, ಭಟ್, ಹೊಳ್ಳರಿಗೂ ಉತ್ತರದ ಪಾಟೀಲ, ಬಡಿಗೇರ, ಹೂಗಾರ, ಮೆಣಸಿನಕಾಯಿಯವರಿಗೂ ಲಾಸ್ಟ್ ನೇಮ್ ಸಿದ್ಧವಾಗಿಯೇ ಇರುತ್ತದೆ. ಪೇಚಾಟವೆಲ್ಲ ಹೆಚ್ಚಾಗಿ ಇನಿಷಿಯಲ್ ನೆಚ್ಚಿಕೊಂಡವರದು.

ಭಾರತದ ಪಾಸ್‌ಪೋರ್ಟ್‌ನಲ್ಲಿ ಇರುವುದು ಎರಡೇ ಖಾನೆ: ಸರ್‌ನೇಮ್, ಗಿವನ್ ನೇಮ್. ಎಷ್ಟೋ ಜನ ಸರ್‌ನೇಮ್ ಖಾಲಿ ಬಿಟ್ಟು, ಇಡೀ ಹೆಸರನ್ನು ಗಿವನ್ ನೇಮ್‌ನಲ್ಲಿ ತುಂಬಿರುತ್ತಾರೆ. ಅಂಥವರ ಅಮೆರಿಕನ್ ವೀಸಾದಲ್ಲಿ ಆ ಹೆಸರು ಪೂರ್ತಿ ಸರ್‌ನೇಮ್ ಜಾಗಕ್ಕೆ ಹೋಗಿ, ಗಿವನ್ ನೇಮ್ ಎಂಬಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂಬುದರ ಗುರುತು ಅದು. ಅಲ್ಲಿಗೇ ಮುಗಿಯುವುದಿಲ್ಲ. ವೀಸಾದಿಂದ ದೇಶದೊಳಗೆ ಬಂದ ದಾಖಲೆಯಾದ ಐ-94ಕ್ಕೆ, ಅಲ್ಲಿಂದ ಕೆಲಸಕ್ಕೂ ತೆರಿಗೆಗೂ ಬೇಕಾಗುವ ಸೋಷಿಯಲ್ ಸೆಕ್ಯುರಿಟಿ ಕಾರ್ಡಿಗೆ, ಡ್ರೈವಿಂಗ್ ಲೈಸೆನ್ಸಿಗೆ, ಬ್ಯಾಂಕಿಗೆ ಅದೇ ಗೊಂದಲ ಹಬ್ಬುತ್ತದೆ. ಬ್ಯಾಂಕಿನಲ್ಲಿ ಒಂದು ರೀತಿ, ಸಂಬಳದ ದಾಖಲೆಯಲ್ಲಿ ಇನ್ನೊಂದು ರೀತಿ ಇದ್ದರೆ ಪ್ರತಿ ತಪಾಸಣೆಯಲ್ಲೂ ತಡೆ.

ಹಾಗಾಗಿ ವೀಸಾಕ್ಕೆ ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟ್ ರೀಇಶ್ಯೂ ಮಾಡಿಸಿ ಹೆಸರನ್ನು ಎರಡು ಖಾನೆಗೂ ಹಂಚಿಸಿ. ಇಲ್ಲಿಗೆ ಬಂದಾದ ಮೇಲೂ ಭಾರತೀಯ ಕಾನ್ಸುಲೇಟ್ ಮೂಲಕ ಮಾಡಿಸಬಹುದು, ಆದರೆ ಹಳೆಯ ವೀಸಾದಲ್ಲಿ ಹಳೆಯ ಹೆಸರೇ ಉಳಿಯುತ್ತದೆ. ವಲಸೆ ದಾಖಲೆ ಸರಿಯಾದ ಮೇಲೆ ಮೊದಲು ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಹೋಗಿ, ಒಂದೆರಡು ದಿನ ಬಿಟ್ಟು ಲೈಸೆನ್ಸ್ ಕಚೇರಿಗೆ ಹೋಗಿ. ಲೈಸೆನ್ಸ್‌ನವರು ಸೋಷಿಯಲ್ ಸೆಕ್ಯುರಿಟಿಯ ದಾಖಲೆಯನ್ನೇ ತಾಳೆ ನೋಡುವುದರಿಂದ ಈ ಕ್ರಮ ಹಿಂದುಮುಂದಾದರೆ ಬರಿಗೈಯಲ್ಲಿ ವಾಪಸು ಬರಬೇಕಾಗುತ್ತದೆ. ವಿಮಾನದ ಟಿಕೆಟ್ಟಿನಲ್ಲಿ ಎರಡು ಪದ ಅಂಟಿಕೊಂಡು ‘ವೆಂಕಟೇಶಪ್ರಸಾದ್’ ಎಂದು ಬಂದರೆ ಗಾಬರಿ ಬೇಡ. ಅಲ್ಲಿ ಅದು ಮಾಮೂಲು.

ಸರ್‌ನೇಮ್ ಆಗಿ ಯಾವುದನ್ನು ಹಾಕಬೇಕು? ಸುಲಭವೆಂದು ಎಲ್ಲರೂ ಅಪ್ಪನ ಹೆಸರು ಹಾಕುತ್ತಾರೆ. ಆಗ ರಮೇಶ್ ನಾರಾಯಣ, ಹೆಂಡತಿ ಸವಿತಾ ರಂಗಪ್ಪ, ಮಗಳು ಅದಿತಿ ರಮೇಶ್, ಹೀಗೆ ಒಂದೇ ಮನೆಯಲ್ಲಿ ಮೂರು ಲಾಸ್ಟ್ ನೇಮ್. ಕಾನೂನಿನ ಅಡ್ಡಿಯೇನೂ ಇಲ್ಲ. ಆದರೆ ಅಪ್ಪನೋ ಅಮ್ಮನೋ ಒಬ್ಬರೇ ಮಗುವಿನ ಜೊತೆ ಗಡಿ ದಾಟುವಾಗ ಜನನ ಪ್ರಮಾಣಪತ್ರದ ಪ್ರತಿ, ಇನ್ನೊಬ್ಬರ ಒಪ್ಪಿಗೆ ಪತ್ರ ಕೈಯಲ್ಲಿರಲಿ. ಊರಿನ ಹೆಸರನ್ನೋ ತಾತನ ಹೆಸರನ್ನೋ ಇಡೀ ಮನೆಗೆ ಒಂದಾಗಿ ನಿಲ್ಲಿಸುವುದು ನಮ್ಮ ದೃಷ್ಟಿಯಲ್ಲಿ ಹೆಚ್ಚು ಒಳ್ಳೆಯದು. ಮೊಮ್ಮಕ್ಕಳಿಗೆ ತಮ್ಮ ಮೂಲದ ಹಳ್ಳಿಯ ಹೆಸರಾದರೂ ಗೊತ್ತಿರುತ್ತದೆ.

ಮಗು ಇಲ್ಲೇ ಹುಟ್ಟಿದರೆ ಆಸ್ಪತ್ರೆಯಿಂದ ಮನೆಗೆ ಕಳಿಸುವ ಮೊದಲೇ ಜನನ ಪ್ರಮಾಣಪತ್ರದ ಫಾರಂ ಕೈಗೆ ಬರುತ್ತದೆ. ಸಹಜ ಹೆರಿಗೆಯಾದರೆ ಸಾಮಾನ್ಯವಾಗಿ ಎರಡನೆಯ ದಿನ. ನಮ್ಮ ನಾಮಕರಣವೋ 11ನೆಯ ಅಥವಾ 12ನೆಯ ದಿನ. ಹೆಸರಿನ ಜಾಗ ಖಾಲಿ ಬಿಟ್ಟರೆ ಆಮೇಲೆ ರಾಜ್ಯದ ಕಚೇರಿಯಲ್ಲಿ ತಿದ್ದುಪಡಿ, ಸೋಷಿಯಲ್ ಸೆಕ್ಯುರಿಟಿ ನಂಬರ್ ತಡ, ಪಾಸ್‌ಪೋರ್ಟ್ ತಡ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಓಸಿಐ ಕಾರ್ಡು ಇನ್ನೂ ತಡ. ಕರೆಯುವ ಹೆಸರನ್ನು ಮುಂಚೆಯೇ ಗೊತ್ತುಮಾಡಿಕೊಳ್ಳಿ. ನಕ್ಷತ್ರದ ಹೆಸರು ಬೇಕೇಬೇಕು ಎಂದರೆ ಅದು ಮಿಡಲ್ ನೇಮ್ ಆಗಲಿ.

ನಕ್ಷತ್ರದ ವಿಷಯದಲ್ಲಿ ಪದೇ ಪದೇ ಆಗುವ ತಪ್ಪೊಂದಿದೆ. ನ್ಯೂಜೆರ್ಸಿಯಲ್ಲಿ ಜುಲೈ 10ರ ಸಂಜೆ 7:40ಕ್ಕೆ ಮಗು ಹುಟ್ಟಿತು ಎಂದುಕೊಳ್ಳಿ. ಊರಿಗೆ ಫೋನು ಮಾಡಿ ಅಷ್ಟೇ ಹೇಳಿದರೆ ಪುರೋಹಿತರು ಅಲ್ಲಿನ ಪಂಚಾಂಗದಲ್ಲಿ ಅದೇ ಸಂಜೆ ನೋಡುತ್ತಾರೆ. ಭಾರತದಲ್ಲಿ ಆಗ ಜುಲೈ 11ರ ಬೆಳಗಿನ 5:10. ನಕ್ಷತ್ರದ ಕಾಲು ಭಾಗವಾದ ಒಂದು ಪಾದ ಸುಮಾರು 6 ಗಂಟೆ, ವ್ಯತ್ಯಾಸ ಒಂಬತ್ತೂವರೆ ಗಂಟೆ. ಪಾದ ತಪ್ಪಿತು, ಆ ಪಾದಕ್ಕೆ ಹೊಂದುವ ಹೆಸರಿನ ಮೊದಲ ಅಕ್ಷರವೂ ತಪ್ಪಿತು. ರೋಹಿಣಿಯ ಪಾದಾಕ್ಷರಗಳು ಕ್ರಮವಾಗಿ ಓ, ವಾ, ವೀ, ವೂ. ನಾಲ್ಕನೆಯ ಪಾದ ದಾಟಿದರೆ ಮೃಗಶಿರದ ‘ವೇ’. ಪೂರ್ವ ಕರಾವಳಿಯವರು ಬೇಸಿಗೆ ಸಮಯಕ್ಕೆ ಒಂಬತ್ತೂವರೆ, ಚಳಿಗಾಲದ ಸಮಯಕ್ಕೆ ಹತ್ತೂವರೆ ಗಂಟೆ ಕೂಡಿಸಿ ಹೇಳಿ. ಕ್ಯಾಲಿಫೋರ್ನಿಯಾದವರಿಗೆ ಇದು ಹನ್ನೆರಡೂವರೆ, ಹದಿಮೂರೂವರೆ. ಲಗ್ನ ಮಾತ್ರ ಹುಟ್ಟಿದ ಸ್ಥಳವನ್ನು ಅನುಸರಿಸುವುದರಿಂದ ಜಾತಕ ಬರೆಸುವವರು ಊರಿನ ಹೆಸರನ್ನೂ ಕೊಡಿ.

ಹೆಸರು ಹುಡುಕುವವರು ಮನೆದೇವರ ಕಡೆಗೂ ಒಮ್ಮೆ ನೋಡಿ. ಧರ್ಮಸ್ಥಳದವರಿಗೆ ಮಂಜುನಾಥ, ತಿರುಪತಿಯ ಒಕ್ಕಲಿಗೆ ತಿಮ್ಮಪ್ಪ, ಮಲೆ ಮಹದೇಶ್ವರನ ಒಕ್ಕಲಿಗೆ ಮಾದಪ್ಪ, ಸವದತ್ತಿಯ ಭಕ್ತರಿಗೆ ಎಲ್ಲಮ್ಮ. ಈಗಿನವರು ಮೆಚ್ಚುವ ಸಿಂಚನ, ಸ್ಪಂದನ, ಇಂಚರ, ಸಿರಿ ಕೇಳಲೂ ಇಂಪು, ಅರ್ಥವೂ ತಿಳಿ. ‘ಸಿರಿ’ ಮಾತ್ರ ಇಲ್ಲಿ ಯೋಚಿಸಿ ಇಡಿ: 2011ರಿಂದ ಅದು ಐಫೋನಿನ ಸಹಾಯಕಿಯ ಹೆಸರೂ ಹೌದು, ತರಗತಿಯಲ್ಲಿ ಮಗುವಿಗೆ ಕಾಟ ತಪ್ಪಿದ್ದಲ್ಲ. ‘ಸಿರಿಗೌರಿ’ ಎಂದು ಸೇರಿಸಿದರೆ ಆ ಹೆಸರೂ ಉಳಿಯಿತು, ಕಾಟವೂ ತಗ್ಗಿತು.

ಅಜ್ಜನ ಹೆಸರು ಇಡಬೇಕೆಂಬ ಆಸೆಯಿದ್ದರೆ ಅಂಜದೆ ಇಡಿ. ಹಿರಿಯರ ಹೆಸರು ಹಿಡಿದು ಗದರಬಾರದೆಂದು ಮನೆಯಲ್ಲಿ ಬೇರೆ ಹೆಸರಿನಿಂದ ಕರೆಯುವ ರೂಢಿ ನಮ್ಮಲ್ಲಿದ್ದೇ ಇದೆ. ಶಾಲೆಯ ಫಾರಂಗಳಲ್ಲೂ ಸಾಮಾನ್ಯವಾಗಿ ‘ಕರೆಯುವ ಹೆಸರು’ ಎಂಬ ಖಾನೆ ಇರುತ್ತದೆ. ಇಂಗ್ಲಿಷ್ ಕಾಗುಣಿತಕ್ಕೆ ಬಂದರೆ, ‘ತ’ಕ್ಕೆ ಟಿ, ಎಚ್ ಎರಡನ್ನೂ ಬರೆಯುವುದು ನಮ್ಮ ರೂಢಿ. ಇಲ್ಲಿನವರು ಅದನ್ನು ನಾಲಿಗೆ ಹಲ್ಲಿಗೆ ತಾಗಿಸಿ ಉಸಿರು ಬಿಟ್ಟು ಓದುತ್ತಾರೆ, ಗೀತಾ ಗುರುತೇ ಸಿಗುವುದಿಲ್ಲ. ಬರೀ ಟಿ ಬರೆದರೆ ‘ಗೀಟಾ’ ಆಗುತ್ತದೆ, ಅದು ಎಷ್ಟೋ ವಾಸಿ. ಹೊಸ ಕೂಸಿಗೆ ಹಾಗೆ ಬರೆಯಿರಿ. ನಿಮ್ಮ ಪಾಸ್‌ಪೋರ್ಟ್‌ನಲ್ಲಿ ಈಗಾಗಲೇ ಎಚ್ ಇದ್ದರೆ ಕೈ ಹಚ್ಚಬೇಡಿ. ಒಂದಕ್ಷರ ಬದಲಾದರೂ ಪದವಿ ಪ್ರಮಾಣಪತ್ರದಿಂದ ಹಿಡಿದು ಎಲ್ಲವನ್ನೂ ತಿದ್ದಿಸಬೇಕಾದೀತು.